ಪರದೆಯಾಚೆಯ ವೈದ್ಯರಿಗೆ ನೋವು ಕೇಳಿಸುತ್ತಿದೆಯೇ?

ರೋಗಿಗೆ ಔಷಧಿ ಎಷ್ಟು ಮುಖ್ಯವೋ ವೈದ್ಯರ ಸಾಂತ್ವನದ ಮಾತೂ ಅಷ್ಟೇ ಮುಖ್ಯ. ನಾಡಿ ಹಿಡಿದು, ಮುಖ ನೋಡಿ, ‘ಹೆದರಬೇಡಿ’ ಎನ್ನುವ ವೈದ್ಯರನ್ನು ಜನರು ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ. ಆದರೆ ವೈದ್ಯರು ನೂರಾರು ಕಿಲೋಮೀಟರ್ ದೂರದಲ್ಲಿ ಪರದೆಯಾಚೆ ಕುಳಿತಿರುವಾಗ ಆ ಸಾಂತ್ವನ ರೋಗಿಯನ್ನು ತಲುಪುತ್ತಿದೆಯೇ?

ಚಳ್ಳಕೆರೆ ತಾಲೂಕಿನ ಕುದಾಪುರ ಇಂದು ದೇಶಕ್ಕೆ ಪರಿಚಿತವಾಗಿರುವುದು ವಿಜ್ಞಾನದಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1500 ಎಕರೆಗಳ ಎರಡನೇ ಆವರಣ ಅಲ್ಲಿದೆ. ಇಸ್ರೋಗೂ ಇದೇ ತಾಲೂಕಿನಲ್ಲಿ ಜಮೀನು ನೀಡಲಾಗಿದೆ. 2002ರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಉಪಗ್ರಹದ ಮೂಲಕ ಜೋಡಿಸಿದ್ದು ಇದೇ ಇಸ್ರೋ. 2019ರ ನವೆಂಬರ್‌ನಲ್ಲಿ ಕೇಂದ್ರ ಸರಕಾರದ ಇ-ಸಂಜೀವನಿ ಬಂತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನ ನಡುವೆ, ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆಯೂ ಆಯಿತು. ಈವರೆಗೆ 30 ಕೋಟಿಗೂ ಹೆಚ್ಚು ಸಮಾಲೋಚನೆಗಳು ನಡೆದಿವೆ.

ಬೆಂಗಳೂರು ಚಳ್ಳಕೆರೆಯಿಂದ ಸುಮಾರು 200 ಕಿಲೋಮೀಟರ್. ದಿನಗೂಲಿಯವನಿಗೆ ಅಲ್ಲಿಗೆ ಹೋಗುವುದೆಂದರೆ ಬಸ್ಸಿನ ಖರ್ಚಷ್ಟೇ ಅಲ್ಲ, ಕೂಲಿಯೂ ಹೋಯಿತು. ಆದ್ದರಿಂದ ಈ ಸೌಲಭ್ಯವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕೋಟಿಗಳ ಲೆಕ್ಕವು ರೋಗಿ ಸಮಾಧಾನದಿಂದ ಎದ್ದನೇ, ಕೊರಗಿನಿಂದ ಎದ್ದನೇ ಎಂಬುದನ್ನು ಹೇಳುವುದಿಲ್ಲ.

ಇಲ್ಲಿ ಸ್ಪರ್ಶವಿಲ್ಲ. ಉಳಿಯುವುದು ಕಣ್ಣು ಮತ್ತು ಕಿವಿ ಮಾತ್ರ. ವೈದ್ಯರು ತಲೆತಗ್ಗಿಸಿ ಟೈಪ್ ಮಾಡುತ್ತಿದ್ದರೆ ‘ನನ್ನ ಮುಖವನ್ನೂ ನೋಡಲಿಲ್ಲ’ ಎಂದು ರೋಗಿ ನೊಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಅವರು ಅವನ ಮಾತನ್ನೇ ದಾಖಲಿಸುತ್ತಿರಬಹುದು. ‘ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ’ ಎಂಬ ಒಂದು ಮಾತು ಆ ನೋವನ್ನು ತಪ್ಪಿಸುತ್ತದೆ. ಹೆಸರು ಹಿಡಿದು ಮಾತಾಡಿಸುವುದು, ಮಾತು ಮುಗಿಯುವವರೆಗೆ ಕಾಯುವುದು, ‘ಇನ್ನೇನಾದರೂ ಹೇಳಲಿಕ್ಕಿದೆಯೇ?’ ಎಂದು ಕೇಳುವುದು: ಇವುಗಳಿಗೆ ಉಪಗ್ರಹವೂ ಬೇಡ, ಅನುದಾನವೂ ಬೇಡ.

ಇನ್ನು ನಮ್ಮ ಮನೆಗಳತ್ತ ತಿರುಗೋಣ. ಮನೆಮಾತು ಉರ್ದುವಾಗಿರುವ ತಾಯಿ ತನ್ನ ನೋವನ್ನು ಕನ್ನಡದಲ್ಲಿ ಹೇಳಲು ತಡವರಿಸುತ್ತಾಳೆ. ಫೋನು ಮಗನ ಕೈಯಲ್ಲಿ ಅಥವಾ ಪತಿಯ ಕೈಯಲ್ಲಿ. ‘ಹೊಟ್ಟೆನೋವಂತೆ’ ಎಂದು ಅವನೇ ಹೇಳುತ್ತಾನೆ, ವೈದ್ಯರು ಅವನಿಗೇ ಉತ್ತರಿಸುತ್ತಾರೆ. ಹೆಣ್ಣು ಮಾತ್ರವೇ ಹೇಳಬಹುದಾದ ಸಂಗತಿ ಹೇಳದೆಯೇ ಉಳಿಯುತ್ತದೆ. ಬಳಿಕ ವೈದ್ಯರಿಗೆ ಕರುಣೆಯಿಲ್ಲ ಎಂದು ದೂರುವುದರಲ್ಲಿ ಅರ್ಥವೇನಿದೆ? ಆಕೆಯ ಕೈಗೆ ಫೋನು ಕೊಟ್ಟು ಕೋಣೆಯಿಂದ ಹೊರಗೆ ಹೋಗುವ ಸೌಜನ್ಯವನ್ನು ಮೊದಲು ನಾವು ತೋರಬೇಕು. ಭಾಷೆಯ ನೆರವು ಬೇಕಿದ್ದರೆ ಮಗಳೋ ಸೊಸೆಯೋ ಜೊತೆಗಿರಲಿ.

ದೂರ ವೈದ್ಯಕೀಯದಲ್ಲೂ ವೃತ್ತಿಧರ್ಮ ಮುಖಾಮುಖಿ ಚಿಕಿತ್ಸೆಯಷ್ಟೇ ಅನ್ವಯವೆಂದು 2020ರ ಮಾರ್ಚ್ 25ರ ಕೇಂದ್ರದ ಮಾರ್ಗಸೂಚಿ ಹೇಳಿದೆ. ರೋಗಿಯನ್ನು ನೇರವಾಗಿ ನೋಡಲೇಬೇಕೆಂದು ವೈದ್ಯರಿಗೆ ಅನಿಸಿದರೆ ಹಾಗೆ ಸೂಚಿಸಲೂಬಹುದು. ಆದರೆ ಹಾಗೆ ಸೂಚಿಸಿದಾಗ ಹತ್ತಿರದ ಆಸ್ಪತ್ರೆಯಲ್ಲಿ ವೈದ್ಯರಿರಬೇಕಲ್ಲವೇ? ಖಾಲಿ ಕುರ್ಚಿಯನ್ನು ಮರೆಮಾಚಲು ಸರಕಾರ ಈ ಪರದೆಯನ್ನು ಬಳಸದಿರಲಿ. ವಿಜ್ಞಾನಕ್ಕೆ ಸಾವಿರಾರು ಎಕರೆ ಬಿಟ್ಟುಕೊಟ್ಟ ನಾಡಿನ ಜನರು ಕೇಳುತ್ತಿರುವುದು, ತಮ್ಮ ಮಾತಿಗೆ ಕಿವಿಗೊಡುವ ಒಬ್ಬ ವೈದ್ಯರನ್ನು. ಇದು ದೊಡ್ಡ ಬೇಡಿಕೆಯೇನಲ್ಲ.