ನೆರಳು ಬಿಟ್ಟು ಹೋದವರು

ಮಾಲೇಕಲ್ಲು ತಿರುಪತಿಯ ಮೆಟ್ಟಿಲುಗಳನ್ನು ಏರಿ, ಬೆಟ್ಟದ ಮೇಲೆ ನಿಂತು ಕಣ್ಣು ಹಾಯಿಸಿದವರಿಗೆ ಅರಸೀಕೆರೆ ಸೀಮೆಯ ಬದುಕು ಒಂದೇ ನೋಟಕ್ಕೆ ದಕ್ಕುತ್ತದೆ. ತೆಂಗಿನ ತೋಟಗಳು, ರಾಗಿಯ ಹೊಲಗಳು, ಮಳೆಗಾಗಿ ಕಾದು ಕುಳಿತ ಕೆರೆಗಳು, ಕುರುಚಲು ಕಾಡು ಹೊದ್ದ ಗುಡ್ಡಸಾಲು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಲ್ಲಿ ಬಾಳು ಸಾಗಿಸಬೇಕಾದ ನೆಲವಿದು. ಇದೇ ಜಿಲ್ಲೆಯ ಸಕಲೇಶಪುರದ ಘಟ್ಟದಂಚಿನಲ್ಲಿ ಇದರ ಮೂರು ಪಟ್ಟಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಇಂತಹ ನೆಲದಲ್ಲಿ ಒಂದು ಮರ ದೊಡ್ಡದಾಗಿ ನಿಂತಿದೆಯೆಂದರೆ ಅದು ತಾನಾಗಿಯೇ ಬೆಳೆದುದಲ್ಲ. ಯಾರೋ ಒಬ್ಬರು ಎರಡು ಮೂರು ಬೇಸಿಗೆಯ ಕಾಲ ಅದಕ್ಕೆ ನೀರು ಹೊತ್ತಿದ್ದಾರೆ ಎಂದೇ ಅರ್ಥ. ಆ ಯಾರೋ ಒಬ್ಬರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿರುವುದಿಲ್ಲ.

ಹಳ್ಳಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಆಗುವುದೇನು? ಊರ ಬಾಗಿಲಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ. ಹನ್ನೊಂದನೆಯ ದಿನದ ಕಾರ್ಯ ಮುಗಿಯುತ್ತದೆ. ಗೋಡೆಯ ಮೇಲೆ ಹಾರ ಹಾಕಿದ ಭಾವಚಿತ್ರವೊಂದು ಉಳಿಯುತ್ತದೆ. ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಎಷ್ಟು ಗುಂಟೆ, ಎಷ್ಟು ಸಾಲ ಎಂಬ ಲೆಕ್ಕ ತಪ್ಪದೆ ನಡೆಯುತ್ತದೆ. ಆದರೆ ಆ ವ್ಯಕ್ತಿಯೊಡನೆ ಯಾವ ತಿಳಿವಳಿಕೆ ಮಣ್ಣಿಗೆ ಸೇರಿತು, ಯಾವ ಬೀಜದ ಗುಟ್ಟು ಮರೆಯಾಯಿತು, ಯಾವ ಕಟ್ಟೆಯ ಕೋಡಿಯನ್ನು ಯಾವ ತಿಂಗಳಲ್ಲಿ ನೋಡಿಕೊಳ್ಳಬೇಕೆಂಬ ಅರಿವು ಹೊರಟುಹೋಯಿತು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಸತ್ತವರನ್ನು ನೆನೆಯುವ ಕಲೆ ಈ ನಾಡಿಗೆ ಹೊಸದಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ಸುತ್ತಮುತ್ತ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂಬದಿಯಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಊರಿನ ತುರುಗಳನ್ನು ಕಳ್ಳರಿಂದ ಬಿಡಿಸಿಕೊಳ್ಳಲು ಹೋಗಿ ಮಡಿದ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ ಜನ ಇವರು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಆವರಣದಲ್ಲಿರುವ ಗರುಡಗಂಬವು ಒಡೆಯನಿಗಾಗಿ ಪ್ರಾಣ ತೆತ್ತ ಕುವರ ಲಕ್ಷ್ಮನ ನೆನಪಿನದು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವನ್ನು ತಿರುವಿದರೆ ಕೆರೆ ಕಟ್ಟಿಸಿದವರ, ದತ್ತಿ ಬಿಟ್ಟವರ, ಕಾದಿ ಮಡಿದವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಅದರ ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಕನ್ನಡ ನಾಡು ಮಣ್ಣು ಹೊತ್ತ, ನೀರು ಹೊತ್ತ ಅಂತಹ ನಾಲ್ವರನ್ನು ಕಳೆದುಕೊಂಡಿದೆ. ನಾಲ್ವರೂ ಶಾಲೆಯ ಓದಿನಿಂದ ದೂರವುಳಿದವರು. ನಾಲ್ವರೂ ದುಡಿದೇ ಉಂಡವರು. ಅವರ ಬಾಳನ್ನು ಇಲ್ಲಿ ನೆನೆಯುವುದು ಕೇವಲ ಗೌರವ ಸಲ್ಲಿಸುವುದಕ್ಕಾಗಿ ಅಲ್ಲ. ಅವರಿಂದ ಕಲಿಯಬೇಕಾದುದು ಇನ್ನೂ ಉಳಿದಿದೆ ಎಂಬ ಕಾರಣಕ್ಕಾಗಿ.

ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅವರ ವಯಸ್ಸನ್ನು 114 ಎಂದು ಹೇಳಲಾಗುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಚಿಕ್ಕಯ್ಯನವರ ಕೈಹಿಡಿದ ಈ ತಾಯಿ ಕೊನೆಯ ವರ್ಷಗಳಲ್ಲಿ ಬೇಲೂರು ತಾಲ್ಲೂಕಿನಲ್ಲಿಯೂ ನೆಲೆಸಿದ್ದರಾಗಿ, ಈ ಸೀಮೆಯ ಅನೇಕರು ಅವರನ್ನು ಹತ್ತಿರದಿಂದ ಕಂಡವರೇ ಆಗಿದ್ದಾರೆ. ಮಕ್ಕಳಿಲ್ಲದ ಆ ದಂಪತಿಗಳು ಕೂಲಿ ಮುಗಿಸಿ ಉಳಿದ ವೇಳೆಯಲ್ಲಿ ಹುಲಿಕಲ್ಲು–ಕುದೂರು ರಸ್ತೆಯ ಇಕ್ಕೆಲಗಳಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಆಲದ ಸಸಿಗಳನ್ನು ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರ ಮುಂದಿನ ವರ್ಷ 20. ಹೀಗೆ ಏರುತ್ತ ಹೋದ ಸಂಖ್ಯೆ 385ನ್ನು ಮುಟ್ಟಿತು.

ಸಂಖ್ಯೆಗಿಂತಲೂ ಗಮನಿಸಬೇಕಾದುದು ಅವರ ಕ್ರಮ. ಆಲದ ಬೀಜ ಅತಿ ಸಣ್ಣದು. ಹಕ್ಕಿಯ ಹೊಟ್ಟೆಯನ್ನು ಹಾದು, ಇನ್ನೊಂದು ಮರದ ಕವಲಿನಲ್ಲೋ ಹಳೆಯ ಗೋಡೆಯ ಬಿರುಕಿನಲ್ಲೋ ಮೊಳೆಯುವುದು ಅದರ ಸ್ವಭಾವ. ಬಯಲಿನಲ್ಲಿ ಅದನ್ನು ಬಿತ್ತಿ ಬೆಳೆಸುವುದು ಕಷ್ಟ. ಕೊಂಬೆ ಕಡಿದು ನೆಟ್ಟರೆ ಬೇರು ಬಿಡುತ್ತದೆ ಎಂಬುದನ್ನು ಹಳ್ಳಿಗರು ಬಹುಕಾಲದಿಂದ ಬಲ್ಲರು. ಈ ದಂಪತಿಗಳು ಸಸಿಗಳನ್ನು ಮಳೆಗಾಲದಲ್ಲಿ ನೆಟ್ಟು, ಮುಳ್ಳಿನ ಬೇಲಿ ಕಟ್ಟಿ ದನಕರುಗಳಿಂದ ಕಾಪಾಡಿ, ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ಹೊತ್ತು ಉಳಿಸಿಕೊಂಡರು. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಮೂರು ವರ್ಷದ ಕೆಲಸ ಎಂಬ ಪಾಠವನ್ನು ಪ್ರತಿವರ್ಷ ಜೂನ್ 5ರಂದು ಗುಂಡಿ ತೋಡಿ ಚಿತ್ರ ತೆಗೆಸಿಕೊಳ್ಳುವವರು ಇಲ್ಲಿ ಕಲಿಯಬೇಕು. ಆಲ, ಅರಳಿ, ಅತ್ತಿ, ಬಸರಿಗಳು ಬೇರೆ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲಿಯೂ ಹಣ್ಣು ಬಿಡುತ್ತವೆ. ಗಿಳಿ, ಗೊರವಂಕ, ಕುಟ್ರುಹಕ್ಕಿ, ಬಾವಲಿಗಳು ಬರಗಾಲದ ತಿಂಗಳುಗಳನ್ನು ದಾಟುವುದು ಈ ಮರಗಳ ಆಸರೆಯಿಂದ. ತಿಮ್ಮಕ್ಕ ನೆಟ್ಟದ್ದು ದಾರಿಹೋಕರಿಗೆ ನೆರಳಾಯಿತು, ಜೀವಸಂಕುಲಕ್ಕೆ ಅನ್ನಸತ್ರವಾಯಿತು.

2019ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕಾಗಿ ಅವರ ಮರಗಳಿಗೇ ಕೊಡಲಿಯ ಭಯ ಎದುರಾಯಿತು. ದೇಶದ ಗೌರವ ಪಡೆದ ವೃದ್ಧೆಯೇ ಮುಖ್ಯಮಂತ್ರಿಗಳ ಮುಂದೆ ಮೊರೆಯಿಟ್ಟ ಮೇಲೆ ಸರ್ಕಾರ ಬೇರೆ ದಾರಿ ಹುಡುಕುವ ನಿರ್ಧಾರಕ್ಕೆ ಬಂದಿತು. ಹಾಗಾದರೆ ಪ್ರಶಸ್ತಿ ಬಾರದವರು ನೆಟ್ಟ ಮರಗಳ ಗತಿಯೇನು? ಈ ಪ್ರಶ್ನೆಯನ್ನು ಪ್ರತಿ ಊರೂ ಕೇಳಿಕೊಳ್ಳಬೇಕಾಗಿದೆ.

ತುಳಸಿ ಗೌಡ ಅವರು ತೀರಿಕೊಂಡದ್ದು 2024ರ ಡಿಸೆಂಬರ್ 16ರಂದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ಮಹಿಳೆ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು. ದಶಕಗಳ ಕಾಲ ದಿನಗೂಲಿಯಾಗಿ ದುಡಿದ ಬಳಿಕವಷ್ಟೇ ಅವರ ಕೆಲಸ ಕಾಯಂ ಆಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ, ತಮ್ಮ ಸಮುದಾಯದ ಉಡುಗೆಯಲ್ಲಿಯೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಅವರ ಚಿತ್ರವನ್ನು ಎಲ್ಲರೂ ಕಂಡಿದ್ದಾರೆ. ಆದರೆ ಅವರ ನಿಜವಾದ ಹಿರಿಮೆ ಇದ್ದುದು ಬೀಜದ ವಿದ್ಯೆಯಲ್ಲಿ. ಕಾಡಿನಲ್ಲಿ ಒಂದೇ ಜಾತಿಯ ನೂರು ಮರಗಳಿದ್ದರೆ ಅವುಗಳಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯಬೇಕು ಎಂಬುದನ್ನು ಅವರು ನೋಡಿಯೇ ಹೇಳಬಲ್ಲವರಾಗಿದ್ದರು.

ಇದು ಸಣ್ಣ ಸಂಗತಿಯಲ್ಲ. ಹುಣಸೆ, ಜಾಲಿಗಳಂತಹ ಗಟ್ಟಿ ಸಿಪ್ಪೆಯ ಬೀಜಗಳು ಬಹುಕಾಲ ಜೀವ ಹಿಡಿದುಕೊಂಡಿರುತ್ತವೆ. ಹಲಸು, ನೇರಳೆಗಳ ಬೀಜ ಒಣಗಿದರೆ ಕೆಲವೇ ವಾರಗಳಲ್ಲಿ ಸತ್ತುಹೋಗುತ್ತದೆ. ತೇಗದ ಬೀಜವನ್ನು ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿದರೆ ಮಾತ್ರ ಚೆನ್ನಾಗಿ ಮೊಳೆಯುತ್ತದೆ. ನೂರಾರು ಜಾತಿಗಳಿಗೆ ನೂರಾರು ಕ್ರಮಗಳು. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ವರ್ಷಗಟ್ಟಲೆ ಶ್ರಮಿಸಿ ಕಂಡುಕೊಳ್ಳುವುದನ್ನು ಕೈಯ ಅನುಭವದಿಂದ ಅರಿತವರು ಇವರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಉಚಿತವೇ ಆಗಿತ್ತು. ಆದರೆ ಗೌರವ ಸಲ್ಲಿಸುವುದೂ ಅರಿವನ್ನು ಬರೆದಿಟ್ಟುಕೊಳ್ಳುವುದೂ ಬೇರೆ ಬೇರೆ ಕೆಲಸಗಳು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. 2022ರ ಅಕ್ಟೋಬರ್ 17ರಂದು ತೀರಿಕೊಂಡ ಈ ಹಿರಿಯರ ಕತೆ ಮಾಲೇಕಲ್ಲಿನಂತಹ ಒಣಬೆಟ್ಟದ ತಪ್ಪಲಿನ ಜನರಿಗೆ ಅತ್ಯಂತ ಹತ್ತಿರದ್ದು. ಬೆಟ್ಟದ ಮೇಲೆ ಕುರಿಗಳಿಗೂ ಪ್ರಾಣಿಪಕ್ಷಿಗಳಿಗೂ ಕುಡಿಯಲು ನೀರಿಲ್ಲವೆಂಬುದನ್ನು ಕಂಡು ಅವರು ಕಟ್ಟೆ ತೋಡಲು ತೊಡಗಿದರು. ಹಾರೆ, ಗುದ್ದಲಿಗಳಿಗಾಗಿ ಕುರಿಗಳನ್ನೇ ಮಾರಿದರು. ಬಂದ ಪ್ರಶಸ್ತಿಯ ಹಣವನ್ನೂ ಅದಕ್ಕೇ ಸುರಿದರು. ಹೀಗೆ ಹತ್ತಕ್ಕೂ ಹೆಚ್ಚು ಕಟ್ಟೆಗಳು ಆ ಬೆಟ್ಟದಲ್ಲಿ ಮೈದಳೆದವು. ಬೆಟ್ಟದ ಮೇಲೆ ನೀರನ್ನು ತಡೆದರೆ ತಪ್ಪಲಿನ ಬಾವಿಯಲ್ಲಿ ಒಸರು ಹೆಚ್ಚುತ್ತದೆ ಎಂಬ ಜಲಾನಯನದ ಸೂತ್ರವೇ ಆ ಕೆಲಸದಲ್ಲಿತ್ತು. ಅರಸೀಕೆರೆ ಸೀಮೆಯಲ್ಲಿ ಕಳೆದ ದಶಕದ ಬರಗಾಲಗಳಲ್ಲಿ ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಕಂಡವರು, ಕೊಳವೆಬಾವಿಗಳ ಮೇಲೆ ಕೊಳವೆಬಾವಿ ಕೊರೆಸಿ ಸೋತವರು ಈ ಕುರಿಗಾಹಿಯ ಬುದ್ಧಿಯನ್ನು ಕುರಿತು ಯೋಚಿಸಬೇಕು.

ಇನ್ನು ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರು. 2017ರ ಪದ್ಮಶ್ರೀ ಪುರಸ್ಕೃತೆಯಾದ ಅವರು 2025ರ ಫೆಬ್ರವರಿ 13ರಂದು ಅಗಲಿದರು. ಹಾಲಕ್ಕಿಗಳ ಹಾಡುಗಳ ಭಂಡಾರವೇ ಅವರ ನಾಲಗೆಯ ಮೇಲಿತ್ತು. ಊರನ್ನು ಹಾಳುಮಾಡುತ್ತಿದ್ದ ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದವರೂ ಅವರೇ. ಹಾಡಿಗೂ ಪರಿಸರಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ನಾಟಿ, ಸುಗ್ಗಿ, ಮದುವೆ, ಮಳೆ ಇವೆಲ್ಲಕ್ಕೂ ಹಾಡಿರುವ ಸಮುದಾಯದಲ್ಲಿ ಬೆಳೆಯ ಹೆಸರು, ಗಿಡದ ಹೆಸರು, ಋತುವಿನ ಕ್ರಮ ಹಾಡಿನಲ್ಲಿಯೇ ತಲೆಮಾರು ದಾಟುತ್ತದೆ. ಹಾಡು ನಿಂತರೆ ಹೆಸರು ಮರೆಯುತ್ತದೆ. ಹೆಸರು ಮರೆತ ಗಿಡವನ್ನು ಕಳೆ ಎಂದು ಕೀಳುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ತಮ್ಮ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಸುಕ್ರಜ್ಜಿ ಒತ್ತಾಯಿಸುತ್ತಲೇ ಇದ್ದರು. ಅವರ ಕಣ್ಣೆದುರು ಅದು ಈಡೇರಲಿಲ್ಲ.

ಈ ನಾಲ್ವರನ್ನು ಅಪರೂಪದ ಪವಾಡ ಪುರುಷರಂತೆ, ದೇವತೆಯರಂತೆ ಕೊಂಡಾಡಿ ಸುಮ್ಮನಾಗುವುದು ಸುಲಭ. ಹಾಗೆ ಮಾಡಿದರೆ ಹೊಣೆ ಅವರದಾಗುತ್ತದೆ, ಚಪ್ಪಾಳೆ ಮಾತ್ರ ಉಳಿದವರದಾಗುತ್ತದೆ. ಸತ್ಯವೆಂದರೆ ಅವರು ಮಾಡಿದ್ದು ಒಂದು ಕಾಲದಲ್ಲಿ ಹಳ್ಳಿಯ ಸಾಮಾನ್ಯ ಧರ್ಮವಾಗಿತ್ತು. ಹಳೆಯ ಮೈಸೂರು ಸೀಮೆಯ ಊರೂರಿಗೂ ಗುಂಡುತೋಪು ಇದ್ದಿತು. ಹೆದ್ದಾರಿಗಳಿಗೆ ಸಾಲುಮರಗಳಿದ್ದವು. ಇಪ್ಪೆ, ಹೊಂಗೆ, ಹುಣಸೆ, ಬೇವು, ಆಲಗಳನ್ನು ನೆಟ್ಟವರು ತಮಗಾಗಿ ನೆಟ್ಟವರಲ್ಲ. ಇಂದು ಅನೇಕ ಗುಂಡುತೋಪುಗಳು ದಾಖಲೆಯಲ್ಲಿ ಮಾತ್ರ ತೋಪುಗಳಾಗಿವೆ. ಊರಿನಲ್ಲಿ ತಿಮ್ಮಕ್ಕನಂತಹವರು ಇಲ್ಲವಾಗಿಲ್ಲ. ಅವರನ್ನು ಗುರುತಿಸುವ ಕಣ್ಣು ಮಂಜಾಗಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಬರವಣಿಗೆ. 2002ರ ಜೀವವೈವಿಧ್ಯ ಕಾಯ್ದೆಯು ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರಬೇಕೆಂದು ವಿಧಿಸಿದೆ. ಆ ಸಮಿತಿಗಳು ಊರಿನವರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿ ಕಪಾಟಿನ ಕಡತವಾಗದೆ ಜೀವಂತವಾಗಬೇಕಾದರೆ ಅದರಲ್ಲಿ ಗಿಡಗಳ ಪಟ್ಟಿಯೊಡನೆ ಅವನ್ನು ಬಲ್ಲವರ ಮಾತೂ ಸೇರಬೇಕು. ಪಂಚಾಯಿತಿಗೆ ಹೋಗಿ ಅದನ್ನು ತೋರಿಸಿರೆಂದು ಕೇಳುವ ಹಕ್ಕು ಪ್ರತಿ ಗ್ರಾಮಸ್ಥನಿಗೂ ಇದೆಯೆಂದು ತಿಳಿದು ನಡೆಯಬೇಕು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಲಿ: ಊರಿನ ಈ ಮರವನ್ನು ನೆಟ್ಟವರು ಯಾರು? ಈಗ ಬಿತ್ತದ, ಹಿಂದೆ ಬಿತ್ತುತ್ತಿದ್ದ ರಾಗಿ, ಅವರೆ, ಸಾಮೆಗಳ ತಳಿಗಳ ಹೆಸರೇನು? ಕೆರೆಗೆ ನೀರು ಯಾವ ಹಳ್ಳದಿಂದ ಬರುತ್ತಿತ್ತು? ದನಕ್ಕೆ ಕಾಯಿಲೆ ಬಂದಾಗ ಯಾವ ಸೊಪ್ಪು ಅರೆಯುತ್ತಿದ್ದರು?

ಎರಡನೆಯದು ಕಾವಲು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಹೊಣೆ ಏನೆಂಬುದನ್ನು ಊರಿನವರು ಅರಿತಿರಬೇಕು. ರಸ್ತೆಬದಿಯ ಹಳೆಯ ಮರಕ್ಕೆ ಗುರುತಿನ ಸಂಖ್ಯೆ ಬಿದ್ದ ದಿನವೇ ಅನುಮತಿ ಎಲ್ಲಿ ಎಂದು ಕೇಳಬೇಕು. ಮರ ಉರುಳಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮೂರನೆಯದು ನೆನಪನ್ನು ನೆಡುವುದು. ಮನೆಯ ಹಿರಿಯರು ತೀರಿಕೊಂಡ ವರ್ಷ, ಫ್ಲೆಕ್ಸಿಗೆ ತೆರುವ ಹಣದಲ್ಲಿ ಗುಂಡುತೋಪಿನಲ್ಲಿ ಅವರ ಹೆಸರಿನ ಒಂದು ಆಲವೋ ಇಪ್ಪೆಯೋ ನಿಲ್ಲಲಿ. ತೋಳು ಗಾತ್ರದ, ಆರೇಳು ಅಡಿ ಎತ್ತರದ ಆಲದ ಕೊಂಬೆಯನ್ನು ಮುಂಗಾರು ಕಚ್ಚಿದ ಮೇಲೆ ನೆಟ್ಟು, ಮುಳ್ಳು ಕಟ್ಟಿ, ಮೂರು ಬೇಸಿಗೆ ನೀರುಣಿಸಿದರೆ ಸಾಕು. ವರ್ಷದ ತಿಥಿಯಂದು ಎಡೆ ಇಡುವ ಮುನ್ನ ಒಂದು ಕೊಡ ನೀರು ಆ ಗಿಡಕ್ಕೂ ಸಲ್ಲಲಿ.

ತುರು ಕಾದು ಮಡಿದವನಿಗೆ ಕಲ್ಲು ನಿಲ್ಲಿಸಿದ ಸೀಮೆಯಿದು. ನೀರು ಹೊತ್ತು ಬಾಳಿದವರಿಗೆ ಮರವನ್ನಾದರೂ ಉಳಿಸಿಕೊಡುವುದು ಈ ತಲೆಮಾರಿನ ಋಣ. ಹುಲಿಕಲ್ಲಿನ ದಾರಿಯಲ್ಲಿ ಇಂದಿಗೂ ಆಲಗಳು ಬೀಳಲು ಬಿಡುತ್ತಿವೆ. ಆ ದಾರಿಯಲ್ಲಿ ನಡೆಯುವ ಮಗುವಿಗೆ ತಿಮ್ಮಕ್ಕ ಯಾರೆಂದು ಯಾರೂ ಹೇಳಬೇಕಾಗಿಲ್ಲ. ಮಾಲೇಕಲ್ಲಿನ ತಪ್ಪಲಿನ ಮಗುವಿಗೆ ಮಾತ್ರ, ತನ್ನೂರಿನ ತೋಪನ್ನು ಬೆಳೆಸಿದವರು ಯಾರೆಂದು ಇನ್ನೂ ಹೇಳಬೇಕಾಗಿದೆ. ಹೇಳಬಲ್ಲವರು ಇರುವಾಗಲೇ ಕೇಳಿಟ್ಟುಕೊಳ್ಳಬೇಕು.