ಆ ಪಿಂಕ್ ಛತ್ರಿ ಯಾರದ್ದು?

ನಮ್ಮ ಕಾಲೇಜ್ ಬಸ್ಸಿನ ಡ್ರೈವರ್ ಅಣ್ಣ ಬೆಳಗ್ಗೆ ಏಳೂವರೆಗೆ ಗಾಡಿ ಸ್ಟಾರ್ಟ್ ಮಾಡೋಕ್ಕೆ ಮೊದಲು ರೇಡಿಯೋ ಸ್ಟಾರ್ಟ್ ಮಾಡ್ತಾರೆ. ಬಸ್ಸಲ್ಲಿ ಅರ್ಧ ಜನ ನಿದ್ದೆಯಲ್ಲಿ, ಕಾಲು ಭಾಗ ಹಿಂದಿನ ರಾತ್ರಿ ಬರೀಬೇಕಿದ್ದ ಲ್ಯಾಬ್ ರೆಕಾರ್ಡಿನಲ್ಲಿ, ಉಳಿದ ಕಾಲು ಭಾಗ ಕಿಟಕಿ ಸೀಟಿನ ಜಗಳದಲ್ಲಿ. ಇವೆಲ್ಲದರ ಮೇಲೆ ಆರ್‌ಜೆ ಧ್ವನಿ. ಮಳೆಗಾಲದ ಒಂದು ದಿನ ಅವತ್ತಿನ ಗಹನವಾದ ಪ್ರಶ್ನೆ ಹೀಗಿತ್ತು: ‘ಹೊರಗೆ ಮಳೆ. ಮನೇಲಿರೋದು ಒಂದೇ ಛತ್ರಿ, ಅದೂ ಪಿಂಕ್ ಕಲರ್, ಮೇಲೆ ಹೂವಿನ ಚಿತ್ರ. ಗಂಡಸಾದವನು ಅದನ್ನ ಹಿಡೀಬೇಕಾ, ನೆನೀಬೇಕಾ?’ ಫೋನ್ ಮಾಡಿದ ಮೊದಲನೆಯವರು ನೆನೀತೀನಿ ಅಂದ್ರು. ಎರಡನೆಯವರು ಹಿಡೀತೀನಿ, ಯಾರಾದ್ರೂ ಕೇಳಿದ್ರೆ ಹೆಂಡ್ತಿದು ಅಂತೀನಿ ಅಂದ್ರು. ಮೂರನೆಯವರು ‘ನಾನು ಬ್ಯಾಚುಲರ್ ಸಾರ್, ಆ ಛತ್ರಿ ನಂದೇ’ ಅಂದಾಗ ಇಡೀ ಬಸ್ಸು ನಕ್ಕಿತು. ರೆಕಾರ್ಡ್ ಬರೀತಿದ್ದವನ ಗ್ರಾಫು ಸೊಟ್ಟಗಾಯ್ತು.

ಈ ಬೆಳಗಿನ ಹರಟೆ ನಮಗೆ ತುಂಬಾ ಇಷ್ಟ, ಇದನ್ನ ಮೊದಲೇ ಹೇಳಿಬಿಡ್ತೀವಿ. ‘ಎಫ್‌ಎಂನಿಂದ ಕನ್ನಡ ಕೆಟ್ಟೋಯ್ತು, ಯುವಕರು ಹಾಳಾದ್ರು’ ಅಂತ ಗೋಳಾಡೋ ಲೇಖನ ಇದಲ್ಲ. ನಮ್ಮ ತಕರಾರು ಚಿಕ್ಕದು. ಗಂಡಸ್ತನ ಅನ್ನೋದನ್ನ ಗೇಲಿ ಮಾಡೋದು ಒಂದು. ಒಬ್ಬನಿಗೆ ಗಂಡಸ್ತನ ಕಮ್ಮಿ ಅಂತ ಅವನನ್ನ ಗೇಲಿ ಮಾಡೋದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕೇಳಿಸ್ತವೆ. ಎರಡಕ್ಕೂ ಜನ ಒಂದೇ ಥರ ನಗ್ತಾರೆ. ಆದರೆ ಎರಡೂ ಒಂದೇ ಅಲ್ಲ. ಇದನ್ನ ನಾವು ಪುಸ್ತಕದಿಂದ ಕಲಿತದ್ದಲ್ಲ, ನಾವೇ ತಪ್ಪು ಮಾಡಿ ಕಲಿತದ್ದು. ಅದನ್ನ ಹೇಳೋಕೆ ಮುಂಚೆ ಸ್ವಲ್ಪ ಇತಿಹಾಸ.

ನಮ್ಮ ಅಪ್ಪ ಅಮ್ಮನ ಬೆಳಗು ಅಂದರೆ ಆಕಾಶವಾಣಿ: ಚಿಂತನ, ಪ್ರದೇಶ ಸಮಾಚಾರ, ಮಧ್ಯೆ ಒಂದು ಭಾವಗೀತೆ. ಅಲ್ಲಿ ಯಾರೂ ಯಾರ ಕಾಲೂ ಎಳೀತಿರಲಿಲ್ಲ. ಆಮೇಲೆ 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ರೇಡಿಯೋ ಸಿಟಿ ಶುರುವಾಯ್ತು. ಎಲ್ಲಿ? ನಮ್ಮ ಬೆಂಗಳೂರಲ್ಲೇ. ಅದೇ ವರ್ಷ ಮಾರ್ಕೆಟ್ಟಿಗೆ ಬಂದ ಬಜಾಜ್ ಪಲ್ಸರ್ ‘ಡೆಫಿನಿಟ್ಲಿ ಮೇಲ್’ ಅಂತ ಜಾಹೀರಾತು ಕೊಡ್ತು. ಕನ್ನಡ ವ್ಯಾಕರಣದ ಪ್ರಕಾರ ಬೈಕು ‘ಅದು’, ‘ಅವನು’ ಅಲ್ಲ; ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರ ಕೈಲಿ ಪಾಠ ಕೇಳಿದವರು ಯಾರೂ ಆ ಜಾಹೀರಾತು ಬರೆದಿರಲಿಕ್ಕಿಲ್ಲ. 2005ರಲ್ಲಿ ಗಂಡಸರಿಗೆ ಅಂತಲೇ ಬೇರೆ ಬಿಳಿಯಾಗೋ ಕ್ರೀಮು ಬಂತು. ಗಂಡಸು ಬಿಳಿಯಾಗಬಹುದು, ಆದರೆ ತಂಗಿಯ ಟ್ಯೂಬಿನಿಂದ ಆಗಬಾರದು! ಇಂಥ ಕಾಲದಲ್ಲಿ ಬೆಳಗಿನ ರೇಡಿಯೋಗೆ ಗಂಡಸ್ತನ ಅನ್ನೋದು ತಾನಾಗೇ ಸಿಕ್ಕ ಮೇವು.

ಇನ್ನೊಂದು ಕಾರಣ ಕಾನೂನಿನಲ್ಲಿದೆ. ಗಾಳಿಯಲ್ಲಿ ಹರಿಯೋ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಖಾಸಗಿ ಎಫ್‌ಎಂನವರಿಗೆ ಸ್ವಂತ ಸುದ್ದಿ ಪ್ರಸಾರ ಮಾಡೋ ಹಕ್ಕು ಸಿಗಲಿಲ್ಲ. 2011ರ ನೀತಿಯಲ್ಲಿ ಸಿಕ್ಕಿದ್ದು ಆಕಾಶವಾಣಿ ಬುಲೆಟಿನ್ನನ್ನ ಇದ್ದದ್ದು ಇದ್ದ ಹಾಗೇ ಮರುಪ್ರಸಾರ ಮಾಡೋ ಅವಕಾಶ ಮಾತ್ರ. ಟ್ರಾಫಿಕ್ಕು, ಹವಾಮಾನ, ಪರೀಕ್ಷೆ ಫಲಿತಾಂಶ ಇಂಥವನ್ನ ಹೇಳಬಹುದು. ಹಾಗಾಗಿ ದಿನಾ ಬೆಳಗ್ಗೆ ಮೂರು ನಾಲ್ಕು ಗಂಟೆ ಮಾತಾಡಬೇಕಾದ ಆರ್‌ಜೆಗೆ ಉಳಿದದ್ದು ಮನೆ, ಸಿನಿಮಾ ಮತ್ತು ಸಿಲ್ಕ್ ಬೋರ್ಡ್ ಸಿಗ್ನಲ್ಲು. ವಿಧಾನಸೌಧದ ಕಡೆ ತೋರಿಸೋಕಾಗದ ಬೆರಳು ಅಡುಗೆಮನೆ ಕಡೆ ತಿರುಗ್ತು. ಮೇಲಿನವರ ಕಡೆ ತೋರಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಮುಂಬೈಯ ಉದಾಹರಣೆ ಇದೆ: 2017ರಲ್ಲಿ ಆರ್‌ಜೆ ಮಲಿಷ್ಕಾ ರಸ್ತೆ ಗುಂಡಿಗಳ ಬಗ್ಗೆ ಪಾಲಿಕೆಯನ್ನ ಅಣಕಿಸಿ ಹಾಡಿದ್ರು. ಸ್ವಲ್ಪ ದಿನದಲ್ಲೇ ಪಾಲಿಕೆಯವರು ಅವರ ಮನೆಗೆ ಹೋಗಿ ಡೆಂಗಿ ಸೊಳ್ಳೆಯ ಲಾರ್ವಾ ಸಿಕ್ತು ಅಂತ ನೋಟಿಸ್ ಕೊಟ್ರು. ಗುಂಡಿ ಹುಡುಕೋಕೆ ಕಾಣದ ಕಣ್ಣು ಲಾರ್ವಾ ಹುಡುಕೋವಷ್ಟು ಚುರುಕಾಗಿತ್ತು.

ಇದರ ಜೊತೆಗೆ ರೇಡಿಯೋದ ಮೆಕ್ಯಾನಿಕ್ಸ್ ಬೇರೆ. ಎರಡು ಹಾಡುಗಳ ಮಧ್ಯೆ ಸಿಗೋದು ಒಂದೆರಡು ನಿಮಿಷ. ಕೇಳೋರು ಯಾವ ನಿಮಿಷದಲ್ಲಿ ಬೇಕಾದ್ರೂ ಸೇರ್ಕೊಳ್ತಾರೆ, ಯಾವ ಸಿಗ್ನಲ್ಲಲ್ಲಿ ಬೇಕಾದ್ರೂ ಇಳ್ಕೊಳ್ತಾರೆ. ಪಾತ್ರ ಕಟ್ಟೋಕೆ ಟೈಮಿಲ್ಲ. ಅದಕ್ಕೇ ರೆಡಿಮೇಡ್ ಪಾತ್ರಗಳು ಬೇಕು: ಹೆದರೋ ಗಂಡ, ಬೈಯೋ ಹೆಂಡತಿ, ರೀಚಾರ್ಜ್ ಮಾಡಿಸೋ ಬಾಯ್‌ಫ್ರೆಂಡು, ಕಣ್ಣಲ್ಲಿ ನೀರು ಬಂದ್ರೆ ಧೂಳು ಬಿತ್ತು ಅನ್ನೋ ಹುಡುಗ. ಹೆಂಡತಿಗೆ ಹೆದರೋ ಗಂಡನ ಜೋಕು ಹೆಂಗಸಿಗೆ ಗೌರವ ಕೊಟ್ಟ ಹಾಗೆ ಕೇಳಿಸುತ್ತೆ. ಆದರೆ ಆ ಜೋಕು ಕೆಲಸ ಮಾಡೋದೇ ‘ನಿಜವಾದ ಗಂಡಸು ಹೆದರಬಾರದು’ ಅನ್ನೋ ನಂಬಿಕೆ ಒಳಗೆ ಕೂತಿರೋದರಿಂದ.

ಹಾಗಂತ ಒಳ್ಳೇ ಗೇಲಿ ನಮ್ಮಲ್ಲಿ ಇಲ್ಲವಾ? ಬೇಕಾದಷ್ಟಿದೆ. ಟಿ. ಪಿ. ಕೈಲಾಸಂ ಭೂವಿಜ್ಞಾನ ಓದೋಕೆ ಲಂಡನ್ನಿಗೆ ಹೋಗಿ ನಾಟಕದ ಹುಚ್ಚು ಹತ್ತಿಸಿಕೊಂಡು ವಾಪಸ್ ಬಂದವರು. ಬ್ರಾಂಚ್ ಒಂದು, ಬದುಕು ಇನ್ನೊಂದು ಅನ್ನೋ ಕಾರಣಕ್ಕೆ ನಮ್ಮ ಕ್ಲಬ್ಬಿನಲ್ಲಿ ಅವರಿಗೆ ವಿಶೇಷ ಸ್ಥಾನ. ಇವತ್ತಿನ ಆರ್‌ಜೆಗಳ ಕಂಗ್ಲಿಷನ್ನ ಬೈಯೋರು ಅವರ ಪಾತ್ರಗಳ ಮಾತನ್ನ ಒಂದು ಸಲ ಓದಬೇಕು. ಆ ಬೆರಕೆ ಭಾಷೆಯನ್ನ ಅವರು ರಂಗದ ಮೇಲೆ ತಂದು ಸುಮಾರು ನೂರು ವರ್ಷ ಆಯ್ತು. ಅವರ ಒಂದು ನಾಟಕದ ಹೆಸರು ‘ಬಂಡ್ವಾಳ್ವಿಲ್ಲದ ಬಡಾಯಿ’. ಗಂಡಸ್ತನದ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಚಿಕ್ಕ ಪ್ರಬಂಧ ಇಲ್ಲ ಅಂತ ನಮ್ಮ ಅಭಿಪ್ರಾಯ.

ಸಿನಿಮಾಗೇ ಬನ್ನಿ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯ ಹೀರೋ ಒಂದು ಮೊಲ ಎತ್ಕೊಂಡು ಓಡಾಡ್ತಾನೆ, ಅದಕ್ಕೆ ದೇವದಾಸ ಅಂತ ಹೆಸರಿಡ್ತಾನೆ, ವಟವಟ ಮಾತಾಡ್ತಾನೆ, ಅಳ್ತಾನೆ, ಕೊನೆಗೆ ಹುಡುಗೀನೂ ಸಿಗಲ್ಲ. ಜನ ವರ್ಷಗಟ್ಟಲೆ ನೋಡಿದ್ರು. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ರಾಜ್ ಬಿ. ಶೆಟ್ಟಿ ಬೋಳು ತಲೆಯ ಕನ್ನಡ ಲೆಕ್ಚರರ್ ಆಗಿ ಹೆಣ್ಣು ಹುಡುಕ್ತಾರೆ. ಆ ತಲೆ ಅವರದ್ದೇ, ಬರೆದದ್ದೂ ನಿರ್ದೇಶಿಸಿದ್ದೂ ಅವರೇ. ಬೇರೆಯವರ ಬೋಳು ತಲೆ ತೋರಿಸಿ ನಗಿಸೋ ಕಾಮಿಡಿಯನ್ನರು ಕನ್ನಡದಲ್ಲಿ ಮೊದಲಿಂದಲೂ ಇದ್ರು. ತನ್ನ ತಲೆಯನ್ನೇ ಪಣಕ್ಕಿಟ್ಟಾಗ ಅದೇ ಜೋಕು ಬೇರೆ ಆಯ್ತು. ಕೆಜಿಎಫ್ ಗಡ್ಡಕ್ಕೆ ನಾವೂ ಶಿಳ್ಳೆ ಹೊಡ್ದಿದ್ದೀವಿ, ಸುಳ್ಳು ಹೇಳಲ್ಲ. ಆದರೆ ಕನ್ನಡಿ ಮುಂದೆ ನಿಂತಾಗ ನಮಗೆ ಕಾಣೋದು ರಾಕಿ ಅಲ್ಲ, ಜನಾರ್ದನ ಮೇಷ್ಟ್ರು.

ಈಗ ನಮ್ಮ ಕಥೆ. ಹೋದ ರಾಜ್ಯೋತ್ಸವದ ವಾರ ಕ್ಲಬ್ಬಿನಿಂದ ಕ್ಯಾಂಟೀನಲ್ಲಿ ಬೆಳಗಿನ ಶೋ ಮಾಡಿದ್ವಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದ್ರಲ್ಲ, ನಾವೂ ಅದೇ ಪರಂಪರೆಯವರು ಅಂತ ಪೋಸ್ಟರಲ್ಲಿ ಕೊಚ್ಕೊಂಡಿದ್ವಿ. ನಮ್ಮ ಹತ್ತಿರ ಇದ್ದದ್ದು ಎರಡು ಸ್ಪೀಕರ್, ಒಂದು ಮೈಕು. ಒಂದು ಸೆಗ್ಮೆಂಟಿನ ಹೆಸರು ‘ಗಂಡಸಾ? ಡೌಟು!’ ಮಸಾಲೆಪುರಿಗೆ ಖಾರ ಕಮ್ಮಿ ಹಾಕಿ ಅನ್ನೋನು ಗಂಡಸಾ? ದಾರಿ ತಪ್ಪಿದಾಗ ಇನ್ನೊಬ್ಬರನ್ನ ಕೇಳೋನು ಗಂಡಸಾ? ಮೊದಲೆರಡು ದಿನ ಚೆನ್ನಾಗೇ ಹೋಯ್ತು, ಯಾಕಂದ್ರೆ ಖಾರಕ್ಕೆ ಅತ್ತವರೂ ದಾರಿ ತಪ್ಪಿದವರೂ ನಾವೇ ಆಗಿದ್ವಿ.

ಮೂರನೇ ದಿನ ಸರಕು ಖಾಲಿ. ನಮ್ಮಲ್ಲೊಬ್ಬ ಒಬ್ಬ ಜೂನಿಯರ್ ಸೆಮಿನಾರ್ ಕೊಡೋ ರೀತಿಯನ್ನ ಮಿಮಿಕ್ರಿ ಮಾಡಿದ. ಆ ಹುಡುಗನ ಧ್ವನಿ ತೆಳು. ಹೆಸರು ಹೇಳಲಿಲ್ಲ, ಹೇಳೋ ಅಗತ್ಯ ಇರಲಿಲ್ಲ, ಎಲ್ಲಾ ಟೇಬಲ್ಲಿನ ಕತ್ತುಗಳೂ ಒಂದೇ ಕಡೆ ತಿರುಗಿದ್ವು. ಅವತ್ತು ಬಂದಷ್ಟು ನಗು ಇಡೀ ವಾರ ಬರಲಿಲ್ಲ. ಅವನೂ ನಕ್ಕ. ‘ಅವನೇ ನಕ್ಕನಲ್ಲ’ ಅನ್ನೋದು ಆಮೇಲೆ ನಮ್ಮ ಸಮಾಧಾನ ಆಯ್ತು. ಎರಡು ವಾರದ ನಂತರ ನಮ್ಮದೇ ಭಾವಗೀತೆ ಸ್ಪರ್ಧೆಯ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದಿತ್ತು. ಹೆಸರು ಕೊಟ್ಟವನೂ ಅವನೇ, ಹೊಡೆದು ಹಾಕಿದವನೂ ಅವನೇ. ಅದಕ್ಕೆ ಮುಂಚೆ ಅವನು ಹಾಡ್ತಾನೆ ಅಂತ ನಮಗೆ ಗೊತ್ತೇ ಇರಲಿಲ್ಲ.

ರೂಮಿಗೆ ಹೋಗಿ ಸಾರಿ ಕೇಳಿದ್ವಿ. ‘ಪರವಾಗಿಲ್ಲ ಬಿಡಿ, ರೇಡಿಯೋದಲ್ಲೂ ಹಿಂಗೇ ಮಾಡ್ತಾರಲ್ಲ’ ಅಂದ. ಆಮೇಲೆ ಸ್ವಲ್ಪ ಸುಮ್ಮನಿದ್ದು, ‘ನಾನು ನಗದೇ ಇದ್ದಿದ್ರೆ ಮಾರನೇ ದಿನ ಅದೇ ಜೋಕ್ ಆಗ್ತಿತ್ತು, ಅಲ್ವಾ?’ ಅಂತ ಕೇಳಿದ. ನಮ್ಮ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಖಂಡಿತಾ ಆಗ್ತಿತ್ತು. ಈ ಲೇಖನ ಬರೀತೀವಿ ಅಂತ ಅವನನ್ನ ಕೇಳಿದ್ವಿ. ಬರೀರಿ, ಬ್ರಾಂಚ್ ಹಾಕ್ಬೇಡಿ ಅಂದ. ಹಾಕಿಲ್ಲ.

ಹರಟೆಯಲ್ಲಿ ಇಬ್ಬರು ಬೇಕು, ಇಬ್ಬರಿಗೂ ಬಾಯಿ ಬೇಕು. ಇಬ್ಬರು ಆರ್‌ಜೆಗಳು ಪರಸ್ಪರ ಕಾಲೆಳೆದ್ರೆ ಅದು ಹರಟೆ. ಮೈಕಿರೋನು ಮೈಕಿಲ್ಲದವನ ಕಾಲೆಳೆದ್ರೆ ಅದಕ್ಕೆ ಬೇರೆ ಹೆಸರಿದೆ. ಪ್ರ್ಯಾಂಕ್ ಕಾಲುಗಳ ಬಗ್ಗೆ ನಮಗಿರೋ ಅನುಮಾನವೂ ಇದೇ. 2012ರ ಡಿಸೆಂಬರಲ್ಲಿ ಆಸ್ಟ್ರೇಲಿಯಾದ ಇಬ್ಬರು ರೇಡಿಯೋ ನಿರೂಪಕರು ರಾಣಿ ಮತ್ತು ರಾಜಕುಮಾರನ ಹಾಗೆ ನಟಿಸಿ ಲಂಡನ್ನಿನ ಒಂದು ಆಸ್ಪತ್ರೆಗೆ ಬೆಳಗಿನ ಜಾವ ಫೋನ್ ಮಾಡಿದ್ರು. ಆ ಫೋನ್ ಎತ್ತಿ ವಾರ್ಡಿಗೆ ಕೊಟ್ಟ ನರ್ಸ್ ನಮ್ಮ ಕರಾವಳಿಯವರು. ಮೂರು ದಿನದ ನಂತರ ಅವರು ಜೀವ ಕಳೆದುಕೊಂಡ್ರು. ಅವರನ್ನ ಮಣ್ಣು ಮಾಡಿದ್ದು ಉಡುಪಿ ಜಿಲ್ಲೆಯ ಶಿರ್ವದಲ್ಲಿ. ಒಂದು ಸಾವಿಗೆ ಒಂದೇ ಕಾರಣ ಅಂತ ಹೇಳೋ ಅಧಿಕಾರ ನಮಗಿಲ್ಲ. ಆ ನಿರೂಪಕರಿಗೂ ಕೇಡು ಮಾಡೋ ಉದ್ದೇಶ ಇರಲಿಲ್ಲ, ನಮಗೂ ಇರಲಿಲ್ಲ. ಅಷ್ಟೇ ಸಾಲದು ಅಂತ ಹೇಳ್ತಿದ್ದೀವಿ.

‘ಇಷ್ಟಕ್ಕೆಲ್ಲಾ ಬೇಜಾರಾದ್ರೆ ಜೋಕೇ ಮಾಡೋ ಹಾಗಿಲ್ಲ’ ಅಂತ ನಮ್ಮ ಕ್ಲಬ್ಬಲ್ಲೇ ಕೆಲವರು ಅಂದ್ರು. ‘ತಡ್ಕೊಳ್ಳೋ ತಾಕತ್ತಿರಬೇಕು ಕಣೋ’ ಅಂದ್ರು. ನೋಡಿ, ಇದೂ ಗಂಡಸ್ತನದ ಪರೀಕ್ಷೆಯೇ. ಮೊದಲ ಪ್ರಶ್ನೆಗೆ ಫೇಲಾದವನಿಗೆ ಎರಡನೇ ಪ್ರಶ್ನೆ. ಜೋಕು ನಿಲ್ಲಬೇಕಾಗಿಲ್ಲ, ಇನ್ನೂ ಧೈರ್ಯವಾಗಿ ಆಗಬೇಕು. ಸಿಕ್ಸ್ ಪ್ಯಾಕಿಗೆ ಅಂತ ಫೀಸ್ ಕಟ್ಟಿ ಮೂರು ದಿನ ಜಿಮ್ಮಿಗೆ ಹೋದದ್ದು, ಬೈಕಲ್ಲಿ ಬಿದ್ದಾಗ ನೋವಿಗಿಂತ ಮೊದಲು ಯಾರಾದ್ರೂ ನೋಡಿದ್ರಾ ಅಂತ ತಿರುಗಿ ನೋಡಿದ್ದು, ಬ್ಯಾಕ್‌ಲಾಗ್ ಬಂದ ರಾತ್ರಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತದ್ದು. ಇದೆಲ್ಲಾ ನಮ್ಮದೇ ಸರಕು. ಒಂದು ಸೀಸನ್ನಿಗೆ ಸಾಕಾಗುವಷ್ಟಿದೆ.

ಹಾಗಾಗಿ ಈ ಸಲದ ಕ್ಯಾಂಟೀನ್ ಶೋಗೆ ಎರಡೇ ನಿಯಮ ಮಾಡ್ಕೊಂಡಿದ್ದೀವಿ. ದಿನದ ಮೊದಲ ಜೋಕು ಮೈಕ್ ಹಿಡಿದವನ ಮೇಲೇ ಆಗಬೇಕು. ಬೇರೆಯವರನ್ನ ಅಣಕಿಸೋದಾದ್ರೆ ಅವರು ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದು ಕೂತಿರಬೇಕು. ಎರಡನೇ ಮೈಕಿಗೆ ದುಡ್ಡು ಒಟ್ಟು ಮಾಡ್ತಿದ್ದೀವಿ, ಹತ್ತೋ ಇಪ್ಪತ್ತೋ ಕೊಟ್ಟು ಸಹಕರಿಸಿ.

ಅವತ್ತು ಬಸ್ಸಲ್ಲಿ ನಾವು ಅಷ್ಟು ಜೋರಾಗಿ ನಕ್ಕಿದ್ದು ‘ಆ ಛತ್ರಿ ನಂದೇ’ ಅಂದವನ ಜೊತೆಗೆ. ಅವನು ಹಾಗಂದ ಮೇಲೆ ಆರ್‌ಜೆಗೂ ಮಾತು ಬರದೆ ಸೀದಾ ಹಾಡು ಹಾಕಿಬಿಟ್ರು. ಭಾವಗೀತೆ ಸ್ಪರ್ಧೆಯ ಪಟ್ಟಿ ಕ್ಲಬ್ ರೂಮಿನ ಬಾಗಿಲ ಮೇಲೆ ಅಂಟಿಸಿದ್ದೀವಿ. ಹೆಸರು ಬರೆಯೋಕೆ ಇನ್ನೂ ಟೈಮಿದೆ.