ಸೈಕಲ್ಲಿಗೂ ಕೆಂಪು ದೀಪವೆ?

ಬೆಳಗಿನ ಆರೂವರೆ ಗಂಟೆ. ಬೆಂಗಳೂರಿನ ಯಾವುದೋ ಒಂದು ವೃತ್ತ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರನೊಬ್ಬ ಸೈಕಲ್ ತುಳಿಯುತ್ತ ಮನೆ ಕಡೆ ಹೊರಟಿದ್ದಾನೆ. ಹ್ಯಾಂಡಲ್ಲಿಗೆ ಊಟದ ಡಬ್ಬಿಯ ಚೀಲ, ಕ್ಯಾರಿಯರ್ರಿನಲ್ಲಿ ಮಡಿಸಿ ಸಿಕ್ಕಿಸಿದ ಸ್ವೆಟರು. ಎದುರಿಗೆ ಕೆಂಪು ದೀಪ. ಅದರ ಪಕ್ಕದಲ್ಲಿ 70, 69, 68 ಎಂದು ಇಳಿಯುತ್ತಿರುವ ಅಂಕಿ. ಎಡಕ್ಕೆ ನೋಡಿದರೆ ಒಂದು ನಾಯಿ, ಬಲಕ್ಕೆ ನೋಡಿದರೆ ಅದೂ ಇಲ್ಲ. ಪೊಲೀಸಿನವರು ನಿಲ್ಲುವ ಜಾಗ ಖಾಲಿ. ಈತ ನಿಲ್ಲಬೇಕೆ, ಹೋಗಬಹುದೆ?

ಚಿಲ್ಲರೆ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೇಸಾಯ ಮತ್ತು ಮನೆಯ ಕಸುಬು ಬಿಟ್ಟು ಉಳಿದ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಬೆಂಗಳೂರಿನಲ್ಲೂ ಹಾಲು, ಪೇಪರು, ಕಾವಲು, ಗಾರೆ ಕೆಲಸ ಎಂದು ಕತ್ತಲಲ್ಲೇ ಮನೆ ಬಿಡುವವರಲ್ಲಿ ಸೈಕಲ್ಲಿನವರು ಇದ್ದಾರೆ. ಇವರು ತುಳಿಯುವುದು ಹೊಟ್ಟೆ ಕರಗಿಸುವುದಕ್ಕಲ್ಲ, ಬಸ್ಸಿನ ದುಡ್ಡು ಉಳಿಸುವುದಕ್ಕೆ.

ಒಂದು ಕಾಲದಲ್ಲಿ ಸೈಕಲ್ ಸವಾರನ ಮೇಲೆ ಸರ್ಕಾರಕ್ಕೆ ಎಲ್ಲಿಲ್ಲದ ಕಾಳಜಿ. ಮುನಿಸಿಪಾಲಿಟಿಗೆ ದುಡ್ಡು ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಬಂದರೆ ಹಿಡಿಯುತ್ತಿದ್ದರು, ಡಬ್ಬಲ್ ಹೊಡೆದರೆ ಗಾಳಿ ಬಿಡುತ್ತಿದ್ದರು. ಮೂಲೆಯಲ್ಲಿ ಪೇದೆಯ ಟೋಪಿ ಕಂಡೊಡನೆ ಹಿಂದೆ ಕೂತವನು ಹಾರಿ ಇಳಿದು, ಮೊದಲಿನಿಂದಲೂ ನಡೆದೇ ಬರುತ್ತಿದ್ದವನ ಹಾಗೆ ಮುಖ ಮಾಡುವುದು ಅಂದಿನ ಹುಡುಗರಿಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ.

ಈಗ ಬಿಲ್ಲೆಯೂ ಇಲ್ಲ, ದೀಪ ಕೇಳುವವರೂ ಇಲ್ಲ. ಕ್ಯಾಮರಾ ನಂಬರ್ ಪ್ಲೇಟು ಓದಿ ಮನೆಗೆ ನೋಟೀಸು ಕಳಿಸುತ್ತದೆ. ಸೈಕಲ್ಲಿಗೆ ನಂಬರೇ ಇಲ್ಲ. 1988ರ ಮೋಟಾರು ವಾಹನ ಕಾಯಿದೆ ರಸ್ತೆಯ ಸಂಜ್ಞೆಗಳನ್ನು ಪಾಲಿಸಬೇಕೆಂದು ಹೇಳುವುದು ಮೋಟಾರು ವಾಹನದ ಚಾಲಕನಿಗೆ. ಸೈಕಲ್ಲಿಗೆ ಮೋಟಾರಿಲ್ಲ. ಹಾಗೆಂದು ಸವಾರ ಕಾನೂನಿನ ಹೊರಗಿನವನೇನಲ್ಲ, ರಸ್ತೆಯ ಶಿಸ್ತು ಕಾಯುವ ಅಧಿಕಾರ ಪೊಲೀಸರಿಗೆ ಬೇರೆ ಕಾಯಿದೆಯಲ್ಲೂ ಇದೆ. ಆದರೆ ಬಳಕೆಯಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ 1988ರಲ್ಲಿ ಬ್ರಿಟನ್ ಮಾಡಿದ ರಸ್ತೆ ಸಂಚಾರ ಕಾಯಿದೆಯಲ್ಲಿ ಸೈಕಲ್ಲಿಗೂ ಕೆಂಪು ಎಂದರೆ ಕೆಂಪೇ. ಅಲ್ಲಿ ದಾಟಿ ಸಿಕ್ಕಿಬಿದ್ದವನ ಕೈಗೆ 50 ಪೌಂಡಿನ ದಂಡದ ಚೀಟಿ ಬರುತ್ತದೆ.

ಸವಾರನ ಪರವಾಗಿ ಹೇಳುವ ಮೊದಲ ಮಾತು ಕಾಲಿನದು. ಸ್ಕೂಟರಿನವನು ಮತ್ತೆ ಹೊರಡಲು ಬಲಗೈ ಮಣಿಕಟ್ಟು ತಿರುಗಿಸಿದರೆ ಸಾಕು. ಸೈಕಲ್ಲಿನವನು ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಒಂದು ಪೆಡಲಿನ ಮೇಲೆ ಹಾಕಬೇಕು. ಗೇರಿಲ್ಲದ ಕಪ್ಪು ಸೈಕಲ್ಲು, ಎರಡೂ ಬದಿಗೆ ಹಾಲಿನ ಕ್ಯಾನು, ಮೇಲೆ ಸ್ವಲ್ಪ ಏರು ಬೇರೆ ಇದ್ದರೆ ಮೊದಲ ಮೂರು ತುಳಿತದ ಕಷ್ಟ ಮಂಡಿಗೇ ಗೊತ್ತು. ಆದರೆ ಲೆಕ್ಕ ಹಾಕಿದರೆ ಉತ್ತರ ಬೇರೆಯೇ ಬರುತ್ತದೆ. ಸವಾರನೂ ಸೈಕಲ್ಲೂ ಸೇರಿ 85 ಕಿಲೊ, ವೇಗ ಗಂಟೆಗೆ 18 ಕಿಲೊಮೀಟರ್ ಎಂದಿಟ್ಟುಕೊಳ್ಳಿ. ಒಮ್ಮೆ ನಿಂತು ಮತ್ತೆ ಆ ವೇಗ ಹಿಡಿಯಲು ಬೇಕಾಗುವುದು ಸುಮಾರು ಒಂದು ಸಾವಿರ ಜೂಲ್ ಶಕ್ತಿ. ತಿಂದದ್ದರಲ್ಲಿ ಕಾಲು ಭಾಗ ಮಾತ್ರ ಕಾಲಿನ ಕೆಲಸಕ್ಕೆ ಒದಗುತ್ತದೆ ಎಂದು ಹಿಡಿದರೂ ಹತ್ತು ಸಿಗ್ನಲ್ಲಿಗೆ ಹತ್ತು ಕಿಲೊಕ್ಯಾಲರಿ ಆಗಬಹುದು. ಅಂದರೆ ಅರ್ಧ ಗ್ಲೂಕೋಸ್ ಬಿಸ್ಕತ್ತು. ನಿಂತಾಗ ಬೇಸರವಾಗುವುದು ಶಕ್ತಿ ಹೋಯಿತೆಂದಲ್ಲ, ಸಾಗುತ್ತಿದ್ದ ಲಯ ಮುರಿಯಿತಲ್ಲ ಎಂದು. ಅದಕ್ಕೆ ಬಿಸ್ಕತ್ತಿನಲ್ಲಿ ಪರಿಹಾರವಿಲ್ಲ.

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು. ಸೈಕಲ್ಲಿನವನಿಗೆ ಗಾಜಿಲ್ಲ, ಬಾಗಿಲಿಲ್ಲ. ಕಣ್ಣು ಕಿವಿ ಎರಡೂ ತೆರೆದಿವೆ. ವೇಗ ಕಡಿಮೆ. ತಪ್ಪಿದರೆ ಮೊದಲು ಪೆಟ್ಟು ತಿನ್ನುವವನೂ ಅವನೇ. ಹಾಗಿದ್ದ ಮೇಲೆ ಅವನ ವಿವೇಕಕ್ಕೇ ಬಿಡಬಹುದಲ್ಲ? ಅಮೆರಿಕದ ಐಡಹೊ ರಾಜ್ಯ ಹೀಗೆ ಯೋಚಿಸಿದ್ದು 1982ರಷ್ಟು ಹಿಂದೆ. ಅಲ್ಲಿ ಸೈಕಲ್ ಸವಾರ ಕೆಂಪು ದೀಪಕ್ಕೆ ಪೂರ್ತಿ ನಿಂತು, ಆಚೀಚೆ ನೋಡಿ, ಅಡ್ಡ ಬರುವವರಿಲ್ಲದಿದ್ದರೆ ಹೋಗಬಹುದು. ಬರಿಯ 'ನಿಲ್ಲಿ' ಫಲಕವಾದರೆ ನಿಧಾನಿಸಿದರೆ ಸಾಕು. ಈ ಎರಡನೆಯ ರಿಯಾಯಿತಿಯನ್ನು ಡೆಲವೇರ್ ರಾಜ್ಯ ಒಪ್ಪಿಕೊಂಡಿದ್ದು 35 ವರ್ಷಗಳ ನಂತರ, 2017ರಲ್ಲಿ. ಪ್ಯಾರಿಸ್ ನಗರ 2015ರಲ್ಲಿ ಆಯ್ದ ಕೂಡುರಸ್ತೆಗಳಲ್ಲಿ ದೀಪದ ಕಂಬಕ್ಕೆ ಚಿಕ್ಕ ತ್ರಿಕೋನ ಫಲಕ ಹಾಕಿಸಿತು. ಅದರಲ್ಲಿ ಹಳದಿ ಬಣ್ಣದ ಸೈಕಲ್ಲು, ಜೊತೆಗೊಂದು ಬಾಣ. ಕೆಂಪಿದ್ದರೂ ಬಾಣದ ದಿಕ್ಕಿಗೆ ಸೈಕಲ್ಲು ಹೋಗಬಹುದು, ಆದರೆ ನಡೆದು ದಾಟುವವರಿಗೆ ಮೊದಲು ದಾರಿ ಬಿಡಬೇಕು.

ಈ ಷರತ್ತಿನ ಮಾತು ಹಾಗಿರಲಿ. ಅದಕ್ಕಿಂತ ಮೊದಲು, ನಿಂತವನ ಕಷ್ಟವನ್ನೂ ಕೇಳಬೇಕು. ಲಂಡನ್ನಿನಲ್ಲಿ 2007ರಲ್ಲಿ ಎಣಿಸಿ ನೋಡಿದಾಗ ನೂರಕ್ಕೆ 84 ಸೈಕಲ್ ಸವಾರರು ಕೆಂಪಿಗೆ ನಿಂತಿದ್ದರು. ಸೈಕಲ್ಲಿನವರೆಲ್ಲ ಪುಂಡರೆಂಬ ಕಾರಿನವರ ದೂರಿಗೆ ಅದೊಂದು ಜವಾಬು. ಆದರೆ ನಿಂತವರು ಎಲ್ಲಿ ನಿಂತರು? ಅಲ್ಲಿಯೂ ವಾಹನ ಹೋಗುವುದು ಎಡಕ್ಕೇ. ಲಾರಿಯ ಎಡ ಮಗ್ಗುಲಿಗೆ ನಿಂತ ಸವಾರ ಎತ್ತರದಲ್ಲಿ ಕೂತ ಚಾಲಕನಿಗೆ ಕಾಣುವುದಿಲ್ಲ; ಹಸಿರು ಬಂದು ಲಾರಿ ಎಡಕ್ಕೆ ಹೊರಳಿದರೆ ಹಿಂಗಾಲಿಯ ಕೆಳಗೆ ಹೋಗುತ್ತಾನೆ. ಹೀಗೆ ಸತ್ತವರಲ್ಲಿ ನಿಯಮ ಪಾಲಿಸಿದವರೂ ಇದ್ದರು. ಕೊನೆಗೆ 2021ರ ಮಾರ್ಚಿನಿಂದ ಆ ನಗರ 12 ಟನ್ನಿಗಿಂತ ಭಾರದ ಲಾರಿಗಳಿಗೆ ಹೊಸ ನಿಯಮ ಜಾರಿಗೆ ತಂದಿತು. ಚಾಲಕನ ಜಾಗದಿಂದ ಸುತ್ತ ಎಷ್ಟು ಕಾಣುತ್ತದೆ ಎಂದು ಅಳೆದ ಮೇಲೆಯೇ ಈಗ ಪರವಾನಗಿ.

ಬೆಂಗಳೂರಿನಲ್ಲಿ ಈ ಕಥೆಯ ಹೆಸರು 'ಫ್ರೀ ಲೆಫ್ಟ್'. ಎಡಗಡೆಯೇ ಹೋಗು ಎಂದು ಶಾಲೆಯಲ್ಲಿ ಕಲಿತದ್ದನ್ನು ಮರೆಯದ ಸವಾರ, ನೇರ ಹೋಗಬೇಕಾದವನು, ಎಡದಂಚಿನಲ್ಲಿ ಕಾಲೂರಿದನೆನ್ನಿ. ಎಡಕ್ಕೆ ತಿರುಗಲಿರುವ ಸಮಸ್ತರಿಗೂ ಅವನೇ ಅಡ್ಡಿ. ಹಾರನ್ನುಗಳು ಬೆನ್ನ ಮೇಲೆ ಬೀಳುತ್ತವೆ. ಬಲಕ್ಕೆ ಸರಿದರೆ ಎರಡು ಕಾರುಗಳ ನಡುವಿನ ಸಂದಿಯಲ್ಲಿ ಮೂರು ಸ್ಕೂಟರುಗಳು ಆಗಲೇ ತೂರಿರುತ್ತವೆ. ದಾರಿ ಕಾಣದೆ ಅವನು ಇಷ್ಟಿಷ್ಟೇ ಮುಂದೆ ಜರುಗಿ ಜೀಬ್ರಾ ಪಟ್ಟೆಯ ಮೇಲೆ ಬಂದು ನಿಲ್ಲುತ್ತಾನೆ. ಹಸಿರಿಗೆ ನಾಲ್ಕು ಸೆಕೆಂಡು ಇರುವಾಗಲೇ ಹೊರಟುಬಿಡುತ್ತಾನೆ. ಇದನ್ನು ಅಶಿಸ್ತು ಎಂದು ಬೈಯುವವರು ಅವನ ಹಿಂದೆ ಗುರುಗುಡುತ್ತಿರುವ ಬಸ್ಸಿನ ಮೂತಿಯನ್ನು ಅವನ ಎತ್ತರದಿಂದ ಒಮ್ಮೆ ನೋಡಬೇಕು. ಬೇರೆ ದೇಶಗಳಲ್ಲಿ ವಾಹನಗಳ ಗೆರೆಯಿಂದ ಮುಂದೆ ಸೈಕಲ್ಲಿಗೆಂದೇ ಒಂದು ಚೌಕ ಬಿಟ್ಟಿರುತ್ತಾರೆ. ಒಂದು ಡಬ್ಬಿ ಬಣ್ಣದ ಕೆಲಸ. ಅಷ್ಟನ್ನೂ ಮಾಡದೆ ನಿಲ್ಲು ನಿಲ್ಲು ಎನ್ನುವುದು ಅನ್ಯಾಯ.

ಆದರೂ ಅವನು ನಿಲ್ಲಬೇಕು. ಪೇದೆಗಾಗಿ ಅಲ್ಲ, ದೀಪಕ್ಕಾಗಿಯೂ ಅಲ್ಲ. ಕೂಡುರಸ್ತೆಯಲ್ಲಿ ಸೈಕಲ್ಲಿನವನಿಗಿಂತ ಬಡಪಾಯಿಗಳು ಇದ್ದಾರೆ, ನಡೆಯುವವರು. ಎಷ್ಟೋ ವೃತ್ತಗಳಲ್ಲಿ ಅವರಿಗೆಂದು ಬೇರೆ ಹಸಿರು ದೀಪವಿಲ್ಲ. ವಾಹನಗಳಿಗೆ ಕೆಂಪು ಬಿದ್ದಷ್ಟು ಹೊತ್ತೇ ಅವರ ಪಾಲು, ಅದರಲ್ಲೂ ಫ್ರೀ ಲೆಫ್ಟಿನವರು ಕಿತ್ತುಕೊಂಡು ಉಳಿದದ್ದು. ಈ ಊರಿನಲ್ಲಿ ರಸ್ತೆ ದಾಟುವವರು ಅರ್ಧ ಕಿವಿಯಿಂದಲೇ ದಾಟುತ್ತಾರೆ. ಬಸ್ಸು, ಆಟೊ ಸದ್ದು ಮಾಡಿ ಬರುತ್ತವೆ. ಸೈಕಲ್ಲು ಸದ್ದಿಲ್ಲದೆ ಬರುತ್ತದೆ, ಬೆಲ್ಲು ಹೊಡೆಯುವ ಹೊತ್ತಿಗೆ ಮೈಮೇಲೆ ಬಂದಿರುತ್ತದೆ. ಅರ್ಧ ಬಿಸ್ಕತ್ತಿನ ಲೆಕ್ಕದಲ್ಲಿ ಕ್ಷುಲ್ಲಕವಾಗಿ ಕಂಡ ಆ 85 ಕಿಲೊ, ಮುದುಕಿಯೊಬ್ಬಳ ಸೊಂಟದ ಮೂಳೆ ಮುರಿಯಲು ಧಾರಾಳ ಸಾಕು. ಲಾರಿಯವನಿಗೆ ತಾನು ಕಾಣಲೇ ಇಲ್ಲ ಎಂದು ದೂರುವ ಸವಾರ, ಅವಳ ಪಾಲಿಗೆ ತಾನೇ ಲಾರಿ. ಪ್ಯಾರಿಸ್ಸಿನ ಷರತ್ತು ನಡೆಯುವುದು ಜೀಬ್ರಾ ಪಟ್ಟೆಗೆ ಬೆಲೆಯಿರುವ ಕಡೆ.

ಆರೂವರೆಯ ಖಾಲಿ ವೃತ್ತಕ್ಕಾದರೂ ಐಡಹೊದ ನಿಯಮ ಸಾಲದೆ? ಕಾಗದದ ಮೇಲೆ ಸಾಲುತ್ತದೆ. ಆದರೆ ವೃತ್ತ ಖಾಲಿಯೋ ಅಲ್ಲವೋ ಎಂದು ತೀರ್ಮಾನಿಸಬೇಕಾದವನು ರಾತ್ರಿಯೆಲ್ಲ ನಿದ್ದೆಗೆಟ್ಟವನು. ಆ ಹೊತ್ತಿನಲ್ಲಿ ರಸ್ತೆಗಿಳಿದವರು ಪೌರಕಾರ್ಮಿಕರು, ಹೂವಿನವರು, ಟೋಪಿ ಹಾಕಿಕೊಂಡು ವಾಕಿಂಗ್ ಹೊರಟ ಹಿರಿಯರು, ಎಲ್ಲ ನಡೆಯುವವರೇ. ಖಾಲಿ ರಸ್ತೆ ಸಿಕ್ಕಿತೆಂದು ದೀಪ ನೋಡದೆ ಬರುವ ಕಾರಿಗೂ ಅದೇ ಪ್ರಶಸ್ತ ಕಾಲ.

ಅಂಕಿ 31ಕ್ಕೆ ಇಳಿದಿದೆ. ಕಾವಲುಗಾರ ಗೆರೆಯ ಹಿಂದೆ ಎಡಗಾಲೂರಿ ನಿಂತಿದ್ದಾನೆ. ಹಿಂದಿನಿಂದ ಬಂದ ಆಟೊದವನು ತಲೆ ಹೊರಗೆ ಹಾಕಿ, "ಯಾರೂ ಇಲ್ವಲ್ಲಣ್ಣ, ಹೋಗಣ್ಣ" ಎಂದು ಪಕ್ಕದಿಂದ ನುಗ್ಗಿ ಹೋದ. 24. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಫುಟ್‌ಪಾತಿನಿಂದ ಇಳಿದು, ಸೈಕಲ್ಲಿನ ಮುಂಗಾಲಿಯನ್ನು ಒಮ್ಮೆ ನೋಡಿ, ದಾಟತೊಡಗಿದರು.